ಎರಡು ಸೂರ್ಯರ ಮಧ್ಯೆ ಸಿಕ್ಕಿಬಿದ್ದದ್ದು

ನಮ್ಮ ಅಂಗಡಿಗೆ ಬೇಕಾದ ಬುಗುರಿಗಳಿಗಾಗಿ ಚನ್ನಪಟ್ಟಣದ ಬಾಷಾ ಸಾಹೇಬರ ಕಾರ್ಖಾನೆಯಲ್ಲಿ ಕಾಯುತ್ತಾ ಕೂತಿದ್ದೆ. ಬಣ್ಣದ ಅರಗು ಹಚ್ಚುವುದಷ್ಟೇ ಬಾಕಿ, ಅರ್ಧ ಗಂಟೆ ಎಂದಿದ್ದರು. ಸರಿ ಎಂದು ಲ್ಯಾಪ್‌ಟಾಪ್ ತೆಗೆದು, ಬಾಹ್ಯಾಕಾಶ ಸುತ್ತುವ ನನ್ನ ಆಟ ಶುರುಮಾಡಿದೆ. ಎರಡು ತಿಂಗಳಿಂದ ಹುಡುಕಿದ ಗ್ರಹಗಳ ಮಾಹಿತಿಯೆಲ್ಲ ಆಟದೊಳಗಿನ ನನ್ನ ಹಡಗಿನಲ್ಲೇ ಇತ್ತು. ಹಡಗು ಸುಟ್ಟುಹೋದರೆ ಅಷ್ಟೂ ಹೋದಂತೆ.

ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವ ಮೊದಲ ನೆಗೆತಕ್ಕೇ ಹಡಗು ಒಂದಕ್ಕೊಂದು ಅಂಟಿಕೊಂಡಂತಿದ್ದ ಎರಡು ನಕ್ಷತ್ರಗಳ ಮಧ್ಯೆ ಹೋಗಿ ಬಿತ್ತು. ಶಾಖ ಏರಿತು, ಅಲಾರಾಂ ಅರಚಿತು. ಗಾಬರಿಯಲ್ಲಿ ಫುಲ್ ಸ್ಪೀಡ್ ಕೊಟ್ಟೆ. ಒಂದರಿಂದ ತಪ್ಪಿಸಿಕೊಂಡರೆ ಇನ್ನೊಂದು ಮುಖಕ್ಕೇ ಬಂತು.

ಸಾಹೇಬರು ಯಾವಾಗಲೋ ಬುಗುರಿ ತಿರುಗಿಸುವ ಲೇತ್ ನಿಲ್ಲಿಸಿ ನನ್ನ ಹಿಂದೆ ಬಂದು ನಿಂತಿದ್ದರು.

"ಸ್ಪೀಡ್ ತೆಗೀರಿ ಸಾರ್! ತಿರುಗೋ ಬುಗುರಿಗೆ ಒತ್ತಿದ ಅರಗಲ್ಲಿ ಹೊಗೆ ಬಂದ್ರೆ ನಾವು ಇನ್ನೂ ಒತ್ತಲ್ಲ, ಕೈ ಎತ್ತುಬುಡ್ತೀವಿ. ಒಸಿ ತಡೆದು, ನೋಡ್ಕೊಂಡು ಹಚ್ತೀವಿ."

ವೇಗ ಸೊನ್ನೆಗೆ ಇಳಿಸಿದೆ. ಮೆಲ್ಲಗೆ ಹಡಗು ತಿರುಗಿಸಿ, ಎರಡೂ ಬೆನ್ನ ಹಿಂದಾದ ಮೇಲೆ ಕತ್ತಲಿನ ಕಡೆಗೆ ಹೊರಟೆ. ಸ್ವಲ್ಪ ದೂರದಲ್ಲಿ ಅಲಾರಾಂ ನಿಂತಿತು.

"ಅಲ್ಲೇನ್ ಕೆಲ್ಸ ಇತ್ತು ಸಾರ್?"

"ಏನಿಲ್ಲ, ಸುಮ್ನೆ ನೋಡೋಕೆ ಹೋಗಿದ್ದೆ."

"ನೋಡೋಕೆ ಹೋದೋರಿಗೆ ಇಷ್ಟೊಂದು ಅರ್ಜೆಂಟ್ ಯಾಕೆ?"

ಹಡಗನ್ನು ವಾಪಸ್ ತಿರುಗಿಸಿ ನಿಲ್ಲಿಸಿದೆ. ಸಾಹೇಬರು ಸ್ಟೂಲ್ ಎಳೆದುಕೊಂಡು ಕೂತರು. ಒಂದು ಕೆಂಪು, ಒಂದು ಹಳದಿ. ಇಬ್ಬರೂ ಆ ಸೂರ್ಯರನ್ನು ನೋಡುತ್ತಾ, ಟೀ ತರಿಸಿಕೊಂಡು ಕುಡಿದೆವು.

ನಿಂತ ಲೇತ್ ಆ ದಿನ ಮತ್ತೆ ತಿರುಗಲಿಲ್ಲ, ಬುಗುರಿಗಳು ಮಾರನೆಯ ದಿನ ಸಿಕ್ಕವು. ಅರ್ಜೆಂಟ್ ಅಂತ ಹೇಳಲು ನನಗೆ ಬಾಯಿರಲಿಲ್ಲ.