ಕೊಡಲಿಯ ಹಿಂದೆ ಹೋಗಬೇಕೆಂದ ಶಂಭುಲಿಂಗ ಮಾಸ್ತರ

ನನ್ನ ಅಕ್ಷರ ದುಂಡಗಿಲ್ಲ, ಕ್ಷಮಿಸಬೇಕು. ಬರೆಯುತ್ತ ಹೋದಂತೆ ಸಾಲು ಮೇಲಕ್ಕೆ ಏರುತ್ತದೆ. ಮಾತುಗಳೂ ಅಷ್ಟಕ್ಕಷ್ಟೆ. ಪಿಯುಸಿ ಮೊದಲನೇ ವರ್ಷದ ನಡುವೆಯೇ ಕಾಲೇಜು ಬಿಟ್ಟವಳು ನಾನು. ಅಕ್ಕಿಆಲೂರಿನ ನಮ್ಮ ಓದುಗರ ಗುಂಪಿನ ಕೈಬರಹದ ಪತ್ರಿಕೆಗೆ ಊರಿನ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದಾರೆ. ಬೇರೆಯವರು ತಾವು ಗೌರವಿಸುವವರ ಬಗ್ಗೆ ಬರೆದಿದ್ದಾರೆ. ನಾನು ಶಂಭುಲಿಂಗ ಮಾಸ್ತರರ ಬಗ್ಗೆ ಬರೆಯುತ್ತೇನೆ. ನನಗೆ ಅವರ ಮೇಲೆ ಗೌರವವಿಲ್ಲ. ಆದರೂ ನಡೆಯದೇ ಇದ್ದದ್ದನ್ನು ಸೇರಿಸಬಾರದೆಂದು ಎಚ್ಚರದಿಂದ ಬರೆದಿದ್ದೇನೆ.

ಅವರು ಯಾವ ಶಾಲೆಯ ಮಾಸ್ತರರೂ ಅಲ್ಲ. ಅಕ್ಕಿ ಗಿರಣಿಯ ಪರಮೇಶಪ್ಪನವರ ಎರಡನೇ ಮಗ. ಗಿರಣಿಯನ್ನು ಅಣ್ಣ ನೋಡಿಕೊಳ್ಳುತ್ತಾರೆ. ಇವರು ಗಿರಣಿಯ ಹಳೇ ಆಫೀಸಿನಲ್ಲಿ ಫ್ಯಾನು ಹಾಕಿಕೊಂಡು ಕೂಡುತ್ತಾರೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಲು ಹೋಗಿ, ಅದನ್ನು ಮುಗಿಸದೆ, ಒಂದು ಆಟ ಕಲಿತು ಬಂದರು. ಆ ಆಟ ನಡೆಸುವವರನ್ನು ಮಾಸ್ತರ ಎನ್ನುತ್ತಾರೆ. ಆ ಹೆಸರು ಅವರಿಗೆ ಬಹಳ ಹಿಡಿಸಿತು. ಈಗ ಸಂತೆಯಲ್ಲಿ ಬದನೆಕಾಯಿ ಮಾರುವವರೂ ಹಾಗೇ ಕರೆಯಬೇಕು.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೇಜಿನ ಸುತ್ತ ಕುಳಿತು ಬಾಯಿಂದ ಆಡುವ ಕಥೆಯಾಟ ಇದು. ಗುಹೆ, ಕಾಡು, ಕಳ್ಳರು ಎಲ್ಲವನ್ನೂ ಮಾಸ್ತರ ಹೇಳುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. ನನ್ನ ಪಾತ್ರ ಹೀಗೆ ಮಾಡುತ್ತದೆ ಎಂದು ನಾವು ಹೇಳುತ್ತೇವೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುತ್ತೇವೆ. ನಿಯಮಗಳಿಗೆ ದಪ್ಪನೆಯ ಇಂಗ್ಲಿಷ್ ಪುಸ್ತಕವಿದೆ. ಅನುಮಾನ ಬಂದರೆ ಮಾಸ್ತರರ ಮಾತೇ ಕೊನೆ. ಗಿರಣಿಯ ಆಫೀಸಿನಲ್ಲಿ ಇನ್ನೊಂದು ನಿಯಮವೂ ಇದೆ, ಅದು ಪುಸ್ತಕದಲ್ಲಿಲ್ಲ. ಪಾತ್ರ ಸತ್ತವರು ಕುರ್ಚಿ ಬಿಡಬೇಕು. ಬಾಗಿಲಲ್ಲಿ ಕಾಯುತ್ತ ನಿಂತವರು ಬಂದು ಕೂಡುತ್ತಾರೆ. ಎದ್ದವರಿಗೆ ಮತ್ತೆ ಕರೆ ಬಂದದ್ದನ್ನು ನಾನು ಕಂಡಿಲ್ಲ.

ಹಾನಗಲ್ಲಿನ ಫರ್ಹತ ನನ್ನ ಗೆಳತಿ. ತಾಯಿ ಹಾಜರಾಬಿಯವರ ಜೊತೆ ಬ್ಲೌಸ್ ಹೊಲಿಯುತ್ತಾಳೆ. ವಾರವಿಡೀ ಯಂತ್ರದ ಮುಂದೆ ಕೂಡುವ ಅವಳಿಗೆ ಭಾನುವಾರ ಬಸ್ಸು ಹತ್ತಿ ಇಲ್ಲಿಗೆ ಬರುವುದೊಂದೇ ಹೊರಗಿನ ಓಡಾಟ. ಆಟದಲ್ಲಿ ಕುರ್ಚಿ ಇದೆ ಎಂದೇ ಮನೆಯಲ್ಲಿ ಕಳಿಸುತ್ತಿದ್ದರು. ಅವಳ ಪಾತ್ರದ ಹೆಸರು ಬಿಜಲಿ. ಗಿಡ್ಡ ಹೆಂಗಸು, ಸೊಂಟದಲ್ಲಿ ಎರಡು ಕೈಕೊಡಲಿ. ದೂರದಿಂದ ಒಗೆದು, ಅಂದರೆ ಎಸೆದು, ಹೊಡೆಯುವುದೇ ಅವಳ ಯುದ್ಧ.

ಒಗೆಯುವ ಆಯುಧಕ್ಕೆ ಏನು ಬೇಕು ಎಂದು ಫರ್ಹತ ಮೊದಲೇ ಕೇಳಿದ್ದಳು. "ತೋಳಿನ ಬಲ," ಎಂದರು ಮಾಸ್ತರ. ಪಾತ್ರದ ಗುಣಗಳಿಗೆ ಹಂಚಲು ಕೊಟ್ಟ ಅಂಕಗಳನ್ನೆಲ್ಲ ಅವಳು ಬಿಜಲಿಯ ಬಲಕ್ಕೇ ಹಾಕಿದಳು. ಆಮೇಲೆ ಮಾಸ್ತರರ ಅಕ್ಕನ ಮಗ ಬಸವೇಶ ಬಂದು ಬರ್ಚಿ, ಅಂದರೆ ಈಟಿ, ಹಿಡಿದ. ಅವನ ಪಾತ್ರಕ್ಕೆ ಬಲವಿರಲಿಲ್ಲ, ಕೈಚಳಕವಿತ್ತು. ಅಂದಿನಿಂದ ಒಗೆಯುವುದಕ್ಕೆ ಬಲ ಬೇಡ, ಕೈಚಳಕ ಬೇಕು ಎಂದಾಯಿತು. ಇದು ಹೇಗೆಂದು ಕೇಳಿದರೆ, "ಬಲ ಇದ್ದಾಂವ ಎತ್ತ ಬೇಕಾದತ್ತ ಒಗಿತಾನ. ಅದಕ್ಕ ಚಳಕ ಬೇಕು," ಎಂದು ಕಣ್ಣು ಮುಚ್ಚಿ ಚಹಾ ಹೀರಿದರು. ಹೀಗೆ ಕಣ್ಣು ಮುಚ್ಚಿದಾಗ ಅವರು ಯೋಚಿಸುತ್ತಿದ್ದಾರೆ ಎಂದು ತಿಳಿದವರೂ ಮೇಜಿನ ಸುತ್ತ ಇದ್ದರು.

ಒಂದು ಮಾತು ಒಪ್ಪುತ್ತೇನೆ. ಅವರು ಕಥೆ ಚೆನ್ನಾಗಿ ಹೇಳುತ್ತಾರೆ. ಗುಹೆಯಲ್ಲಿ ನೀರು ತೊಟ್ಟಿಕ್ಕುವುದನ್ನು ನಾಲಿಗೆಯಿಂದಲೇ ಕೇಳಿಸುತ್ತಾರೆ. ಇಷ್ಟು ಬರುವ ಮನುಷ್ಯ ಇಷ್ಟು ಸಣ್ಣವನಾಗಬೇಕಾದ ಅವಶ್ಯಕತೆಯೇ ಇರಲಿಲ್ಲ.

ಇನ್ನು ಹೋದ ಭಾನುವಾರದ್ದು. ಬಿಜಲಿಗೆ ಮೊದಲೇ ಗಾಯವಾಗಿತ್ತು. ಇನ್ನೊಂದು ಏಟು ಬಿದ್ದರೆ ಸಾಯುತ್ತಾಳೆ ಎಂದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ಫರ್ಹತ ಅವಳನ್ನು ಗುಹೆಯ ಬಾಯಲ್ಲಿ, ಬಂಡೆಯ ಮರೆಯಲ್ಲಿ ನಿಲ್ಲಿಸಿದ್ದಳು. ಎದುರಿಗೆ ಕಳ್ಳರ ಗುಂಪು, ಅವರ ನಡುವೆ ನಾಯಕ. ಅವಳು ಕೊಡಲಿ ಒಗೆಯುತ್ತೇನೆಂದು ಹೇಳಿ ದಾಳ ಉರುಳಿಸಿದಳು. ಕಡಿಮೆ ಬಿತ್ತು. ಕೊಡಲಿ ನಾಯಕನ ಕಿವಿಯ ಪಕ್ಕದಿಂದ ಹಾದುಹೋಯಿತು.

"ಕೊಡ್ಲಿ ಎಲ್ಲಿ ಬಿತ್ತು?" ಎಂದರು ಮಾಸ್ತರ.

"ಅವರ ಹಿಂದ ಬಿದ್ದಿರಬೇಕ್ರಿ," ಎಂದಳು ಫರ್ಹತ. "ಇರ್ಲಿ, ಇನ್ನೊಂದೈತಿ."

"ಇನ್ನೊಂದು ಆಮ್ಯಾಲ. ಈಗ ಬಿಜಲಿ ಕೊಡ್ಲಿ ಬಿದ್ದಲ್ಲಿ ಅದಾಳ."

"ಯಾಕ್ರಿ? ನಾ ಹೋಗ್ತೇನಿ ಅಂದಿಲ್ಲಲ್ರಿ."

"ಅನ್ನೂದೇನೈತಿ? ಒಗದಾಕಿ ಬಿದ್ದಲ್ಲಿ ಹೋಗಿ ನಿಂದ್ರಬೇಕು. ಎರಡನೇದು ಅಲ್ಲಿಂದ ಒಗೀಬೇಕು."

ಎಲ್ಲರೂ ನಗುತ್ತಾರೆಂದು ನಾನು ಕಾದೆ. ಯಾರೂ ನಗಲಿಲ್ಲ. ಬಸ್ ಕಂಡಕ್ಟರ್ ದ್ಯಾಮಪ್ಪನವರು ತಲೆಯಾಡಿಸಿದರು. "ಖರೇ ಐತಿ ಬಿಡ ತಂಗಿ. ಪಂಚಮ್ಯಾಗ ಯಾರರ ನಿಂತಲ್ಲೇ ನಿಂತು ಎರಡನೇ ನಿಂಬಿಹಣ್ಣು ಒಗಿತಾರೇನು?"

ಆಗ ನನಗೆ ಅರ್ಥವಾಯಿತು. ನಾಗರ ಪಂಚಮಿ ಹಬ್ಬದಲ್ಲಿ ನಮ್ಮ ಕಡೆ ತೆಂಗಿನಕಾಯಿ ಪಣ ಕಟ್ಟಿ ನಿಂಬೆಹಣ್ಣು ಒಗೆಯುತ್ತಾರೆ. ಇಷ್ಟು ಎಸೆತಕ್ಕೆ ಪಕ್ಕದ ಊರ ಅಗಸಿಬಾಗಿಲು ಮುಟ್ಟಿಸುತ್ತೇನೆ ಎಂಬುದು ಪಣ. ಹಣ್ಣು ಉರುಳಿ ನಿಂತಲ್ಲಿಗೆ ಹೋಗಿ, ಅಲ್ಲಿಂದ ಮುಂದಿನ ಎಸೆತ. ಮಾಸ್ತರ ಅದರಲ್ಲಿ ಹೆಸರು ಮಾಡಿದವರು. ಅವರು ಗೆದ್ದದ್ದು ಅದೊಂದೇ ಆದ್ದರಿಂದ, ಲೋಕದಲ್ಲಿ ಯಾರು ಏನನ್ನು ಒಗೆದರೂ ಅದೇ ನಿಯಮ ಎಂದು ನಂಬಿದ್ದಾರೆ. ಕತ್ತಿ ಹಿಡಿದ ಕಳ್ಳರು ಕೂಡ ಪಂಚಮಿಯ ಮಂದಿಯಂತೆ ಬದಿಗೆ ಸರಿದು ದಾರಿ ಬಿಡಬೇಕು.

ನನಗೆ ನಾಲ್ಕು ಜನರ ಮುಂದೆ ಮಾತು ಏಳುವುದಿಲ್ಲ. ಅಂದು ಎದ್ದಿತು. "ಪುಸ್ತಕದಾಗ ಹಂಗಿಲ್ರಿ," ಎಂದೆ. "ಒಗದಾರು ನಿಂತಲ್ಲೇ ಇರ್ತಾರ. ಆಯುಧ ಅಷ್ಟ ಹೋಗತೈತಿ." ಮೊಬೈಲಿನಲ್ಲಿ ಆ ಪುಟ ತೆಗೆದು ಮುಂದಿಟ್ಟೆ.

ಮಾಸ್ತರ ಅದನ್ನು ನೋಡಲಿಲ್ಲ. "ಏ ಪೂಜಾ, ಕಾಲೇಜ ಬಿಟ್ಟಾಕಿ ನಮಗ ಇಂಗ್ಲಿಷ್ ಹೇಳಾಕತ್ತಿ? ಪುಸ್ತಕ ಬರದಾಂವ ಒಂದರ ನಿಂಬಿಹಣ್ಣು ಒಗದಾನೇನು ಕೇಳು."

ಈಗ ಎಲ್ಲರೂ ನಕ್ಕರು. ಬಸವೇಶ ಎಲ್ಲರಿಗಿಂತ ಜೋರಾಗಿ ನಕ್ಕ.

ಫರ್ಹತ ನಗಲಿಲ್ಲ. "ಆತ್ರಿ ಮಾಸ್ತರ. ಬಿಜಲಿ ಅಲ್ಲೀತನಾ ಹೆಂಗ ಹೋದ್ಲು? ನಡಕೊಂತ ಹೋದ್ರ ದಾರ್ಯಾಗ ಕಳ್ಳರು ಸುಮ್ನ ಬಿಟ್ರೇನ್ರಿ? ಹಾರಕೊಂತ ಹೋದ್ರ ಆಕಿಗೆ ರೆಕ್ಕಿ ಯಾವಾಗ ಕೊಟ್ರಿ?"

ಮಾಸ್ತರ ಕಣ್ಣು ಮುಚ್ಚಿದರು. ತೆರೆದಾಗ, "ಬಸವೇಶ, ನಿಂದು ಆಡು," ಎಂದರು.

ಬಸವೇಶ ಬರ್ಚಿ ಒಗೆದ. ಅವನದೂ ತಪ್ಪಿತು. ಬರ್ಚಿ ಕಳ್ಳರನ್ನು ದಾಟಿ ಗುಹೆಯ ಹಿಂದಿನ ಗೋಡೆಯ ಹತ್ತಿರ ಬಿತ್ತು. ನಾವು ಕಾದೆವು. ಅವನು ನಿಂತಲ್ಲೇ ನಿಂತಿದ್ದ.

"ಬಸವೇಶಣ್ಣ ಹೋಗಂಗಿಲ್ಲೇನ್ರಿ?" ಎಂದಳು ಫರ್ಹತ.

"ಬರ್ಚಿ ಉರುಳಂಗಿಲ್ಲವಾ, ನೆಲಕ್ಕ ನಾಟತೈತಿ. ಉರುಳೋ ಸಾಮಾನಿಗಷ್ಟ ಈ ನಿಯಮ," ಎಂದರು ಮಾಸ್ತರ. ಹೇಳಿದ ಮೇಲೆ ಅವರ ಮುಖದಲ್ಲಿ ಸಂತೋಷ ಕಂಡಿತು. ಅಷ್ಟು ಬೇಗ ಅಷ್ಟು ಚೆಂದದ ಸುಳ್ಳು ಹೊಳೆದದ್ದಕ್ಕೆ ಬಂದ ಸಂತೋಷ ಅದು. ಅಕ್ಕನ ಮಗನ ಕುರ್ಚಿ ಉಳಿಸಲು ಲೋಕದ ಆಯುಧಗಳನ್ನೆಲ್ಲ ಉರುಳುವವು, ಉರುಳದವು ಎಂದು ಎರಡು ಪಾಲು ಮಾಡಿದ ಮೇಧಾವಿ ನಮ್ಮ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು. ದ್ಯಾಮಪ್ಪನವರು ಮಾತ್ರ ಈ ಸಲ ತಲೆಯಾಡಿಸಲಿಲ್ಲ. ಹಾಗಂತ ಬಾಯಿಯನ್ನೂ ತೆರೆಯಲಿಲ್ಲ. ಅವರು ಕುಡಿಯುವ ಚಹಾ ಗಿರಣಿಯವರದು.

ಆಮೇಲೆ ಕಳ್ಳರ ಸರದಿ. ಎಲ್ಲರೂ ತಮ್ಮ ನಡುವೆ ಬಂದು ನಿಂತ ಬಿಜಲಿಯ ಕಡೆಗೇ ತಿರುಗಿದರು. ಮೊದಲ ಏಟಿಗೇ ಮುಗಿಯಿತು. ಬಿಜಲಿ ಬೀಳುವುದನ್ನು ಮಾಸ್ತರ ಬಹಳ ಚೆನ್ನಾಗಿ, ದನಿ ಇಳಿಸಿ ವರ್ಣಿಸಿದರು. ಆ ವರ್ಣನೆ ಕೇಳುವಾಗ ನನಗೆ ಹೇಸಿಕೆಯಾಯಿತು.

ಫರ್ಹತ ದಾಳವನ್ನು ಮೇಜಿನ ನಡುವೆ ಇಟ್ಟು ಎದ್ದಳು. ಬಾಗಿಲಲ್ಲಿ ನಿಂತಿದ್ದ ಬಸವೇಶನ ಗೆಳೆಯ ಆ ಕುರ್ಚಿ ತಣ್ಣಗಾಗುವ ಮೊದಲೇ ಕುಳಿತ. "ಬ್ಯಾಸರ ಮಾಡ್ಕೋಬ್ಯಾಡವಾ, ಆಟ ಇದು," ಎಂದರು ಮಾಸ್ತರ. ಎದ್ದು ಹೋಗುವವರಿಗೆಲ್ಲ ಅವರು ಹೇಳುವುದು ಇದನ್ನೇ. ಬಸವೇಶನಿಗೆ ಇನ್ನೂ ಹೇಳುವ ಪ್ರಸಂಗ ಬಂದಿಲ್ಲ.

ನಾನೂ ಎದ್ದೆ. "ನಿನ್ನ ಪಾತ್ರ ಇನ್ನೂ ಬದುಕೈತಿ, ಕೂಡು," ಎಂದರು. ನಾನು ಮೊಬೈಲು ಎತ್ತಿಕೊಂಡು ಫರ್ಹತಳ ಹಿಂದೆ ಹೊರಬಂದೆ.

ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದೆವು. ಫರ್ಹತ, "ಇನ್ನ ಅಮ್ಮಿಗೆ ಏನಂತ ಹೇಳಿ ಬರ್ಲಿ?" ಎಂದಳು.

"ನೀ ಬರಬ್ಯಾಡ, ನಾ ಬರ್ತೇನಿ," ಎಂದೆ.

"ಬಂದು? ಬ್ಲೌಸಿಗೆ ಗುಂಡಿ ಹಚ್ಚತೀಯೇನ?"

"ನೀ ಮಾಸ್ತರ ಆಗು. ನಾ ಆಡ್ತೇನಿ. ಆಮ್ಯಾಲ ನಾ ಮಾಸ್ತರ, ನೀ ಬಿಜಲಿ."

"ಬಿಜಲಿ ಸತ್ತಾಳಲ್ಲ."

"ನಾ ಒಪ್ಪಿಲ್ಲ," ಎಂದೆ. ಅವಳು ನನ್ನ ಮುಖ ನೋಡಿದಳು. ಬಸ್ಸು ಹೊರಡುವುದರಲ್ಲಿತ್ತು. ಹತ್ತಿ ಕಿಟಕಿಯಿಂದ, "ಬರೋ ರವಿವಾರ ಮಧ್ಯಾಹ್ನ ಊಟಕ್ಕ ಬಾ ಮತ್ತ," ಎಂದು ಕೂಗಿದಳು.

ಬರುವ ಭಾನುವಾರ ನಾನು ಗಿರಣಿಗೆ ಹೋಗುವುದಿಲ್ಲ. ಬೆಳಗಿನ ಬಸ್ಸಿಗೆ ಹಾನಗಲ್ಲಿಗೆ ಹೋಗಿ, ಹಾಜರಾಬಿಯವರ ಕತ್ತರಿಸುವ ಮೇಜನ್ನು ಖಾಲಿ ಮಾಡಿಸಿಕೊಂಡು, ಬಿಜಲಿ ಬಂಡೆಯ ಮರೆಯಲ್ಲಿ ನಿಂತಿದ್ದ ಜಾಗದಿಂದಲೇ ಆಟ ಶುರುಮಾಡುತ್ತೇನೆ.