ಚೀಸ್ ಬೋಂಡ ಗಂಟಲಿಗೆ ಸಿಕ್ಕಿದಾಗ

ಎರಡು ವರ್ಷದ ಮೊಮ್ಮಗಳು ಸಿರಿ ಬಾಯಿ ತೆರೆದಳು. ಅಳು ಬರಲಿಲ್ಲ, ಉಸಿರೂ ಬರಲಿಲ್ಲ. ಸೊಸೆ ಮೊಬೈಲಿನಲ್ಲಿ ತೋರಿಸಿದಂತೆ, ಕೊಪ್ಪ ಪೇಟೆಯಿಂದ ಚೀಸ್ ತರಿಸಿ, ಖಾರ ಹಾಕದೆ ನಾನು ಕರಿದ, ಒಳಗೆ ಚೀಸ್ ತುಂಬಿದ ಇಟಲಿಯವರ ಬೋಂಡ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ತುಟಿ ನೀಲಿಯಾಗುತ್ತಿತ್ತು. ನಾನು ಅವಳನ್ನು ಎತ್ತಿಕೊಂಡೆ.

"ಅತ್ತೆ, ಇಲ್ಲಿ ಕೊಡಿ!" ಎಂದು ಸೊಸೆ ಮಗುವನ್ನು ಕಸಿದುಕೊಂಡು, ತೊಡೆಯ ಮೇಲೆ ತಲೆ ತಗ್ಗಾಗುವಂತೆ ಬೋರಲು ಹಾಕಿ ಬೆನ್ನಿಗೆ ಬಡಿದಳು. ಮತ್ತೆ ಬಡಿದಳು. ರಬ್ಬರಿನಂಥ ಚೀಸಿನ ಉಂಡೆ ನೆಲಕ್ಕೆ ಬಿತ್ತು. ಸಿರಿ ಕಿರುಚಿ ಅತ್ತಳು.

"ನೀವು ಒಂದಾದ್ರೂ ತಿಂದು ನೋಡ್ಲಿಲ್ವಾ ಅತ್ತೆ?"

"ಕೂಸು ತಿನ್ನೋಕೆ ಮೊದ್ಲೇ ಕರಿಯೋರು ಬಾಯಿಗೆ ಹಾಕ್ಕೊಳ್ತಾರೇನೇ, ಮಾರಾಯ್ತಿ?" ಎಂದೆ ನಾನು.

ಈಗ ಸಿರಿಗೆ ಕೊಡುವುದನ್ನೆಲ್ಲ ಮೊದಲು ನಾನೇ ಜಗಿದು ನೋಡುತ್ತೇನೆ. ಅವಳು ನುಂಗಿ ಮುಗಿಸುವವರೆಗೂ ನನ್ನ ಕೈ ಅವಳ ಬೆನ್ನ ಮೇಲೇ ಇರುತ್ತದೆ.