ಮುದ್ರೆಯಿಲ್ಲದ ರಾಜ

ನನ್ನ ತಂಗಿಯ ಮೊದಲ ದಸರೆಯನ್ನು ಕೆಡಿಸಿದವರು ನಮ್ಮ ಅರಣ್ಯ ಕಚೇರಿಯ ಅಧಿಕಾರಿಗಳು. ದೈವದ ಮೇಲೆ ಭಾರ ಹಾಕಿ ಸುಮ್ಮನಿರು ಎಂದು ಊರಿನ ಹಿರಿಯರು ಹೇಳುತ್ತಾರೆ. ದೈವವೇನೂ ನಮ್ಮ ಹಿತ್ತಿಲಿಗೆ ಬಂದು ಗೊಂಬೆಯನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಹೋಗಲಿಲ್ಲ. ಹೋದವನು ಖಾಕಿ ತೊಟ್ಟ ಗಾರ್ಡು. ಅದನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡವರು ರೇಂಜರು.

ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ತವರಿನವರು ಪಟ್ಟದ ಗೊಂಬೆ ಕೊಡಬೇಕು: ಮರದ ರಾಜ, ಮರದ ರಾಣಿ. ಮೊದಲ ದಸರೆಯಲ್ಲಿ ಗಂಡನ ಮನೆಯ ಗೊಂಬೆ ಮೆಟ್ಟಿಲಿನ ತುತ್ತತುದಿಯಲ್ಲಿ ಆ ಜೋಡಿ ನಿಲ್ಲಬೇಕು. ತಂಗಿಯನ್ನು ಶಿರಾಕ್ಕೆ ಕೊಟ್ಟಿದ್ದೆವು. ಮಧುಗಿರಿಯಲ್ಲಿ ಮೇಷ್ಟರಾಗಿದ್ದ ನನ್ನ ತಂದೆ, ಅಂಗಡಿಯ ಗೊಂಬೆ ಬೇಡ, ಮಗಳಿಗೆ ನಾನೇ ಕೆತ್ತುತ್ತೇನೆ ಎಂದು ಹಟ ಹಿಡಿದರು. ಹಿತ್ತಿಲ ಕೊಟ್ಟಿಗೆಯಲ್ಲಿ ಹಸು ಕಟ್ಟುತ್ತಿದ್ದ ಜಾಗಕ್ಕೆ ಒಂದು ದಪ್ಪ ಹಲಗೆ, ಗರಗಸ, ನಾಲ್ಕು ಉಳಿ, ಒಂದು ಕೊಡತಿ ಬಂದವು. ಸರ್ಕಾರಿ ಮರದ ಡಿಪೋದಿಂದಲೇ ರಕ್ತಚಂದನದ ಒಂದು ತುಂಡನ್ನು ರಸೀದಿ ಸಹಿತ ತಂದರು. ತುಂಡಿನ ಒಂದು ಕೊನೆಯಲ್ಲಿ ಸುತ್ತಿಗೆಯಿಂದ ಒತ್ತಿದ ಇಲಾಖೆಯ ಮುದ್ರೆಯಿತ್ತು.

ಆಗಷ್ಟೇ ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ನನಗೆ ಅವರ ನಿಧಾನ ಕಂಡು ಚಡಪಡಿಕೆ. ರಾಜನಿಗೂ ರಾಣಿಗೂ ಎಂದು ಉದ್ದಕ್ಕೆ ಎರಡಾಗಿ ಕೊಯ್ಯುವ ಮುಂಚೆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಮರದ ಬುಡ ಯಾವುದು, ತುದಿ ಯಾವುದು ಎಂದು ತಿಳಿಯದೆ ಅವರು ಉಳಿ ಹಾಕುವವರಲ್ಲ. ಬುಡದ ಕಡೆಗೆ ಪಾದ, ತುದಿಯ ಕಡೆಗೆ ತಲೆ. ಕಾಡಿನಲ್ಲಿ ಮರ ಹೇಗೆ ನಿಂತಿತ್ತೋ ಗೊಂಬೆಯೂ ಹಾಗೆಯೇ ನಿಲ್ಲಬೇಕು. ಮುದ್ರೆ ಬಿದ್ದಿದ್ದು ತುದಿಯ ಕಡೆ, ರಾಜನ ಕಿರೀಟ ಬರಬೇಕಾದಲ್ಲಿ. ಬೆರಳುದಪ್ಪದ ಬಿಲ್ಲೆಯೊಂದನ್ನು ಅಲ್ಲಿಂದ ಕೊಯ್ದು ತೆಗೆದರು. ಅದನ್ನು ಅಮ್ಮ ಒಳಗೆ ಒಯ್ದಳು. ಮೊಣಕಾಲಿನ ಊತಕ್ಕೆ ರಕ್ತಚಂದನ ತೇಯ್ದು ಹಚ್ಚುವುದು ಅವಳ ರೂಢಿ. ಸಾಣೆಕಲ್ಲಿನ ಮೇಲೆ ದಿನವೂ ತೇಯ್ದು ಮುದ್ರೆ ಸವೆದುಹೋದದ್ದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಗೌರಿಹಬ್ಬದ ಹೊತ್ತಿಗೆ ರಾಣಿ ಸಿದ್ಧಳಾಗಿದ್ದಳು. ರಾಜನಿಗೆ ಕಣ್ಣು ಬರೆಯುವುದಷ್ಟೇ ಬಾಕಿ. ಹಬ್ಬದ ಬೆಳಗ್ಗೆ ಅಮ್ಮ ಬಾಗಿಲ ಮುಂದಿನ ರಂಗೋಲಿಗೆ ಗರಗಸದ ಕೆಂಪು ಹೊಟ್ಟನ್ನು ತುಂಬಿದಳು. ಆ ದಾರಿಯಲ್ಲಿ ಬಂದ ಗಾರ್ಡು ಸೈಕಲ್ ನಿಲ್ಲಿಸಿದ.

"ಏನಮ್ಮ, ಕುಂಕುಮ ಇಷ್ಟೊಂದು ಚೆಲ್ಬುಟ್ಟಿದೀರ?"

"ಕುಂಕುಮ ಅಲ್ಲ ಕಣಪ್ಪ, ರಕ್ತಚಂದನದ ಹೊಟ್ಟು. ನಮ್ಮನೇರು ಮಗಳಿಗೆ ರಾಜಾರಾಣಿ ಕೆತ್ತವ್ರೆ. ಬಂದು ನೋಡು ಬಾ!"

ಅವನು ಬಂದು ನೋಡಿದ. ರಾಣಿ ದೇವರ ಮನೆಯಲ್ಲಿದ್ದಳು. ಬೂಟು ಬಿಚ್ಚುವ ತಾಳ್ಮೆ ಅವನಿಗಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ರಾಜನನ್ನೇ ಎತ್ತಿಕೊಂಡ.

"ಮುದ್ರೆ ಎಲ್ಲೈತೆ ಮೇಷ್ಟ್ರೆ?"

ತಂದೆ ಬಿಲ್ಲೆಯನ್ನು ತರಿಸಿದರು. ಅದರ ಎರಡು ಮುಖವೂ ನುಣ್ಣಗಿದ್ದವು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಮರುದಿನ ತಂದೆಯೂ ನಾನೂ ರಸೀದಿ ಹಿಡಿದು ಕಚೇರಿಗೆ ಹೋದೆವು. ರೇಂಜರು ನಗುತ್ತಲೇ ಕೂರಿಸಿದರು.

"ರಸೀದಿ ಸರಿಯಾಗಿದೆ ಮೇಷ್ಟ್ರೇ. ಆದ್ರೆ ಇದರಲ್ಲಿ ಮುದ್ರೆ ಸಹಿತ ಒಂದು ತುಂಡು ಅಂತ ಇದೆ. ಆ ತುಂಡು ತನ್ನಿ."

"ಆ ತುಂಡೇ ಸ್ವಾಮಿ ಇದು. ಮುದ್ರೆ ತುದಿ ಕಡೆ ಇತ್ತು, ಕಿರೀಟಕ್ಕೆ ಅಂತ ಕೊಯ್ದು ತೆಗೆದೆ."

"ಬುಡ ಮೇಲೆ ಮಾಡಿ ಕೆತ್ತಿದ್ರೆ ಮುದ್ರೆ ಪಾದದಡಿ ಉಳೀತಿತ್ತಲ್ಲ?"

"ತಲೆಕೆಳಗಾದ ಮರಾನ ಮಗಳಿಗೆ ಹೆಂಗೆ ಕೊಡ್ಲಿ ಸ್ವಾಮಿ?"

ರೇಂಜರು ಗಟ್ಟಿಯಾಗಿ ನಕ್ಕರು. ಬಹುಶಃ ಅಂದೇ ಕೊಟ್ಟುಬಿಡುತ್ತಿದ್ದರು. ನಾನು ಸುಮ್ಮನಿರಲಿಲ್ಲ. ಯಾವ ಕಾನೂನಿನ ಯಾವ ಕಲಮಿನ ಪ್ರಕಾರ ತೆಗೆದುಕೊಂಡಿರಿ, ನಿಮ್ಮ ಡಿಪೋದ ರಿಜಿಸ್ಟರಿನಲ್ಲಿ ಮುದ್ರೆಯ ನಂಬರು ಇರಲೇಬೇಕು, ತೆಗೆದು ನೋಡಿ ಎಂದೆ, ಅದೂ ಇಂಗ್ಲಿಷಿನಲ್ಲಿ. ಅವರ ನಗು ನಿಂತಿತು.

"ಓದಿದ ಮಗ ಇದಾನೆ ಅಂತ ಮೊದಲೇ ಹೇಳಬಾರದಾಗಿತ್ತಾ ಮೇಷ್ಟ್ರೇ? ಹಾಗಾದ್ರೆ ಎಲ್ಲ ಕಾನೂನು ಪ್ರಕಾರವೇ ಆಗ್ಲಿ."

ಫೈಲು ತೆರೆಯಿತು. ನನ್ನ ಪಾಲಿನ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನನ್ನ ಸೊಕ್ಕಿಗೆ ಶಿಕ್ಷೆಯನ್ನು ನನಗೆ ಕೊಡಬೇಕಿತ್ತು, ಶಿರಾದಲ್ಲಿ ಕಾದು ಕುಳಿತಿದ್ದ ಹುಡುಗಿಗಲ್ಲ.

ಮುಂದಿನ ದಿನಗಳಲ್ಲಿ ಪುಸ್ತಕ ಹಿಡಿದರೆ ಅರ್ಧ ಪುಟ ದಾಟುತ್ತಿರಲಿಲ್ಲ; ಎದ್ದು ಕಚೇರಿಗೆ ನಡೆಯುತ್ತಿದ್ದೆ. "ವಿಚಾರಣೆಯಲ್ಲಿದೆ" ಎಂಬ ಒಂದೇ ಉತ್ತರ. ಕಣ್ಣು ಬರೆಯದ ರಾಜನು ಮೇಜಿನ ಮೇಲೆ, ಗಾಳಿಗೆ ಕಾಗದ ಹಾರದಂತೆ ಒತ್ತಿಕೊಂಡು ಮಲಗಿದ್ದ. ಮನೆಯಲ್ಲಿ ತಂದೆ ಹರಿತವಾಗಿದ್ದ ಉಳಿಗಳನ್ನೇ ಮತ್ತೆ ಮತ್ತೆ ಮಸೆಯುತ್ತಿದ್ದರು. ಇನ್ನೊಂದು ರಾಜನನ್ನು ಕೆತ್ತಿ ಎಂದರೆ ಒಪ್ಪಲಿಲ್ಲ. ಜೋಡಿ ಒಂದೇ ಮರದ್ದಾಗಿರಬೇಕು. ರಾಣಿಯೊಬ್ಬಳನ್ನೇ ಕಳಿಸೋಣವೆಂದರೆ, ಹೊಸದಾಗಿ ಮದುವೆಯಾದವಳ ಮನೆಗೆ ಒಂಟಿ ಹೆಣ್ಣುಗೊಂಬೆಯೇ ಎಂದು ಅಮ್ಮ ಹೌಹಾರಿದಳು.

ಪೆಟ್ರೋಲು ಸಿಗದ ಯುದ್ಧಕಾಲದ ಇದ್ದಿಲ ಗ್ಯಾಸಿನ ಬಸ್ಸು ಹಿಡಿದು ನಾನು ಬರಿಗೈಯಲ್ಲಿ ಶಿರಾಕ್ಕೆ ಹೋದಾಗ ನವರಾತ್ರಿಯ ಐದನೆಯ ದಿನ. ತಂಗಿ ಮೇಲಿನ ಮೆಟ್ಟಿಲಿಗೆ ಕೆಂಪು ಬಟ್ಟೆ ಹಾಸಿ ಬರಿದಾಗಿಯೇ ಬಿಟ್ಟಿದ್ದಳು. ಗೊಂಬೆ ನೋಡಲು ಬಂದ ಹೆಂಗಸೊಬ್ಬಳು ಕತ್ತೆತ್ತಿ ಕೇಳಿದಳು:

"ಎಲ್ಲಮ್ಮ ನಿನ್ ತೌರಿನ ರಾಜಾರಾಣಿ? ಅವ್ರಿಗೂ ಬಸ್ ಸಿಗ್ಲಿಲ್ವಂತಾ?"

"ಬಣ್ಣ ಒಣಗಿಲ್ಲ ಕಣಕ್ಕ" ಎಂದಳು ತಂಗಿ.

"ಅಲ್ಲೊಂದು ಕಳಸ ಇಟ್ಬುಡು ಕಣಮ್ಮ, ಬಾಯಿ ಮುಚ್ಕೋತಾರೆ" ಎಂದರು ಅವಳ ಅತ್ತೆ. ತಂಗಿ ಬೇಡವೆಂದು ತಲೆಯಾಡಿಸಿದಳು. ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವಳು ಮೆಲ್ಲಗೆ ಕೇಳಿದಳು: "ಐದು ದಿನದಿಂದ ಅದನ್ನೇ ಹೇಳ್ತಿದೀನಿ. ಇನ್ನೂ ಎಷ್ಟು ದಿನ ಬಣ್ಣ ಒಣಗಿಸ್ಲಿ ಅಣ್ಣ?"

ಆ ಪ್ರಶ್ನೆಗೆ ಉತ್ತರ ಇರುವುದು ಕಚೇರಿಯಲ್ಲಿ. ಮತ್ತೊಂದು ದಸರೆ ಹತ್ತಿರವಾಗಿದೆ; ವಿಚಾರಣೆ ಇನ್ನೂ ಮುಗಿದಿಲ್ಲ. ಆದುದರಿಂದ ರೇಂಜರವರನ್ನೂ ಅವರ ಮೇಲಧಿಕಾರಿಗಳನ್ನೂ ಈ ಬರಹದ ಮೂಲಕ ವಿಧಿವತ್ತಾಗಿ ಕೇಳಿಕೊಳ್ಳುತ್ತೇನೆ: ತಮ್ಮದೇ ಡಿಪೋದ ರಿಜಿಸ್ಟರನ್ನು ತೆರೆದು ನಮ್ಮ ರಸೀದಿಯೊಡನೆ ತಾಳೆ ನೋಡಬೇಕು, ಒಂದು ವರ್ಷದಿಂದ ಅದನ್ನು ಏಕೆ ತೆರೆಯಲಿಲ್ಲವೆಂಬುದಕ್ಕೆ ಲಿಖಿತ ಉತ್ತರ ಕೊಡಬೇಕು, ತಾಳೆಯಾದರೆ ರಾಜನನ್ನು ನವರಾತ್ರಿಯ ಪಾಡ್ಯಕ್ಕೆ ಮುನ್ನ, ಕಣ್ಣು ಬರೆಯುವಷ್ಟು ಕಾಲಾವಕಾಶವಿರುವಂತೆ, ನನ್ನ ತಂದೆಯವರ ಕೈಗೆ ಒಪ್ಪಿಸಬೇಕು.